ಅಪ್ಪ ಸುಮ್ಮನೆ ಕೂತಿರಲಿಲ್ಲ

ಶನಿವಾರ ಮಧ್ಯಾಹ್ನ ನಾನು ಮನೆಗೆ ಬಂದರೆ ಮೊಮ್ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ. "ತಾತ, ಮತ್ತೆ ಸೀಮೆಎಣ್ಣೆ ವಾಸನೆ!"

ನಾನೀಗ ಇರುವುದು ಇಂಗ್ಲೆಂಡಿನಲ್ಲಿ, ಮಗನ ಮನೆಯಲ್ಲಿ. ಹತ್ತಿರದಲ್ಲೇ ಹಳೆಯ ರೈಲುದಾರಿಯೊಂದಿದೆ. ಮುಚ್ಚಿಹೋಗುವ ಇಂಥ ದಾರಿಗಳನ್ನು ರೈಲಿನ ಹುಚ್ಚಿರುವ ಜನರೇ ಉಳಿಸಿಕೊಂಡು ಉಗಿಬಂಡಿ ಓಡಿಸುತ್ತಾರೆ. 1951ರಲ್ಲಿ ವೇಲ್ಸಿನ ಟಾಲಿಲಿನ್ ರೈಲಿನಿಂದ ಶುರುವಾದದ್ದು ಇದು. ಸಂಬಳವಿಲ್ಲ, ಚಹಾ ಉಂಟು. ನನ್ನ ಪಾಲಿಗೆ ಬಂದದ್ದು ಸಿಗ್ನಲ್ ದೀಪಗಳ ಕೆಲಸ.

ನಮ್ಮ ಕಡೆ ಕೈಮರ ಅನ್ನುತ್ತಿದ್ದೆವಲ್ಲ, ಅದೇ ಸಿಗ್ನಲ್. ಅದರ ದೀಪ ಬಣ್ಣ ಬದಲಿಸುವುದು ಹೇಗೆ ಗೊತ್ತೇ ಮಕ್ಕಳೇ? ದೀಪ ಬದಲಿಸುವುದೇ ಇಲ್ಲ! ಅದು ತನ್ನ ಪಾಡಿಗೆ ಉರಿಯುತ್ತದೆ. ಕೈ ಅಲ್ಲಾಡಿದಾಗ ಅದರ ಬುಡದ ಎರಡು ಗಾಜುಗಳಲ್ಲಿ ಒಂದು ದೀಪದ ಮುಂದೆ ಬರುತ್ತದೆ. ಇಂಗ್ಲಿಷಿನಲ್ಲೂ ಅದಕ್ಕೆ ಕನ್ನಡಕ ಎಂದೇ ಹೆಸರು. ಒಂದು ಗಾಜು ಕೆಂಪು. ಇನ್ನೊಂದನ್ನು ಹಗಲಲ್ಲಿ ಹತ್ತಿರದಿಂದ ನೋಡಿದರೆ ನೀಲಿ! ಎಣ್ಣೆದೀಪದ ಹಳದಿ ಬೆಳಕು ಅದನ್ನು ದಾಟಿ ಬಂದಾಗ ಹಸಿರಾಗಿ ಕಾಣುತ್ತದೆ. ಬಹಳ ಹಿಂದೆ 'ಹೋಗು' ಎನ್ನಲು ಬಿಳಿ ಬೆಳಕಿತ್ತು. ಆದರೆ ಕೆಂಪು ಗಾಜು ಒಡೆದರೆ 'ನಿಲ್ಲು' ಎಂಬುದೂ ಬಿಳಿಯಾಗಿ ಕಾಣುತ್ತಿತ್ತು. ಎಂಥ ಅಪಾಯ!

ದೀಪಕ್ಕೆ ಒಮ್ಮೆ ಎಣ್ಣೆ ತುಂಬಿದರೆ ಹಗಲೂ ರಾತ್ರಿ ಸುಮಾರು ಎಂಟು ದಿನ ಉರಿಯುತ್ತದೆ. ವಾರಕ್ಕೊಮ್ಮೆ ಗಾಜು ಒರೆಸಿ, ಬತ್ತಿಯ ಕರಿ ತೆಗೆದು, ತುದಿ ಸಮ ಮಾಡಬೇಕು. ಹಚ್ಚಿದ ಮೇಲೆ ಕಾಯಲೇಬೇಕು. ದೀಪ ಬಿಸಿಯಾದಂತೆ ಜ್ವಾಲೆ ತಾನಾಗಿ ಬೆಳೆಯುತ್ತದೆ. ಆಮೇಲೆ ಬತ್ತಿ ಇಳಿಸಿ, ಹದ ನೋಡಿ ಏಣಿ ಹತ್ತಬೇಕು.

ಕಳೆದ ಡಿಸೆಂಬರಿನಲ್ಲಿ ಚಳಿ ತಡೆಯಲಾರದೆ ನಾನು ಕಾಯಲಿಲ್ಲ. ಹಚ್ಚಿದ್ದೇ ಮೇಲಿಟ್ಟು ಬಂದೆ. ಸಂಜೆಯ ಹೊತ್ತಿಗೆ ಗಾಜಿನ ತುಂಬ ಮಸಿ, ಬೆಳಕೇ ಇಲ್ಲ. ಬೆಳಕು ಕಾಣದ ಸಿಗ್ನಲನ್ನು ಕೆಂಪು ಎಂದೇ ತಿಳಿಯಬೇಕೆಂಬುದು ನಿಯಮ. ಡ್ರೈವರ್ ನಿಲ್ಲಿಸಿದ. ಡಬ್ಬಿಗಳ ತುಂಬ ಕ್ರಿಸ್‌ಮಸ್ ನೋಡಲು ಹೊರಟ ಮಕ್ಕಳು. ಬೇರೆ ದೀಪ ಹಿಡಿದು, ಬೀಸುವ ಗಾಳಿಯಲ್ಲಿ ಒಂದೇ ಕೈಯಲ್ಲಿ ಏಣಿ ಹತ್ತುವಾಗ ನನ್ನ ಕಾಲು ನಡುಗಿದ್ದು ಚಳಿಗಲ್ಲ.

ಆ ರಾತ್ರಿ ಅಪ್ಪ ನೆನಪಾದರು. ಅರಸೀಕೆರೆ ಕಡೆಯ ಸಣ್ಣ ಸ್ಟೇಷನ್ನಿನಲ್ಲಿ ಅವರೂ ಇದೇ ಕೆಲಸ ಮಾಡುತ್ತಿದ್ದರು. ಶಾಲೆಯಲ್ಲಿ ಯಾರಾದರೂ ಕೇಳಿದರೆ "ರೈಲ್ವೆಯಲ್ಲಿದ್ದಾರೆ" ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ಎಣ್ಣೆ ಹಾಕುವವರು ಎನ್ನಲು ನಾಚಿಕೆ. ದೀಪ ಹಚ್ಚಿದ ಮೇಲೆ ಅವರು ಎಲೆಯಡಿಕೆ ಹಾಕಿಕೊಂಡು ಅದರ ಮುಂದೆ ಕೂತುಬಿಡುತ್ತಿದ್ದರು. ಅಪ್ಪ ಸೋಮಾರಿ ಅಂದುಕೊಂಡಿದ್ದೆ.

ಕಳೆದ ವಾರ ಮೊಮ್ಮಗಳೂ ಬಂದಿದ್ದಳು. ದೀಪ ಹಚ್ಚಿ ಪಕ್ಕದಲ್ಲಿ ಕೂರಿಸಿಕೊಂಡೆ.

"ಇನ್ನೂ ಎಷ್ಟು ಹೊತ್ತು ತಾತ?"

ನಾನು ಜೇಬಿನಿಂದ ಅಡಿಕೆ ಡಬ್ಬಿ ತೆಗೆದೆ.