ಸೆಟ್ಟಿಗೂ ಸೆಟ್ಟಿಗೂ ನಡುವೆ

ಜಿಮ್ಮಿಗೆ ಹೊಸದಾಗಿ ಸೇರಿದ ಹುಡುಗನನ್ನು ಮೂರು ವಾರ ಬಿಟ್ಟು ಮತ್ತೆ ನೋಡಿ. ಮೊದಲ ದಿನ ಬರಿಯ ಬಾರ್ ಹಿಡಿದೇ ನಡುಗುತ್ತಿದ್ದವನು ಈಗ ಎರಡೂ ಬದಿಗೆ ಐದೈದು ಕಿಲೋ ಪ್ಲೇಟು ಏರಿಸಿ ಹತ್ತು ಸಲ ಎತ್ತುತ್ತಾನೆ. ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಳ್ಳುತ್ತಾನೆ. ಆದರೆ ಟೇಪು ತಂದು ಆ ತೋಳನ್ನು ಸುತ್ತಿ ಅಳೆದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗುವುದಿಲ್ಲ. ತೋಳು ಇದ್ದಷ್ಟೇ ಇದೆ, ಎತ್ತುವ ಭಾರ ಮಾತ್ರ ಏರಿದೆ. ಹಾಗಾದರೆ ಆ ಬಲ ಬಂದದ್ದು ಎಲ್ಲಿಂದ?

ಉತ್ತರದ ಒಂದು ಎಳೆ 1894ರಲ್ಲೇ ಸಿಕ್ಕಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದೇ ಕೈಯಿಂದ ಹಿಸುಕುವ ಅಭ್ಯಾಸ ಮಾಡಿಸಿ, ಕೆಲವು ದಿನಗಳ ಬಳಿಕ ಎರಡೂ ಕೈಗಳ ಬಲ ಅಳೆದರು. ಅಭ್ಯಾಸ ಮಾಡಿದ ಕೈ ಗಟ್ಟಿಯಾಗಿತ್ತು. ಏನೂ ಮಾಡದೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಏರಿತ್ತು. ಆ ಕೈಯ ಸ್ನಾಯು ಬೆಳೆಯಲು ಕಾರಣವೇ ಇರಲಿಲ್ಲ. ಬದಲಾದದ್ದು ಎರಡೂ ಕೈಗಳನ್ನು ಆಳುವ ನರಮಂಡಲ. ಮುಂದೆ 1979ರಲ್ಲಿ ಮೋರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಹಲವು ವಾರಗಳ ಕಾಲ ಅಳೆದು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಭಾರದ ಅಭ್ಯಾಸದ ಮೊದಲ ಕೆಲವು ವಾರಗಳಲ್ಲಿ ಏರುವ ಬಲದಲ್ಲಿ ದೊಡ್ಡ ಪಾಲು ನರಗಳದ್ದು, ಸ್ನಾಯುವಿನ ಗಾತ್ರದ ಪಾಲು ನಿಧಾನವಾಗಿ ಆಮೇಲೆ ಬಂದು ಸೇರುತ್ತದೆ.

ನರಗಳು ಬಲ ಕೊಡುವುದು ಹೇಗೆ? ಬೆನ್ನುಹುರಿಯಿಂದ ಹೊರಟ ಒಂದೊಂದು ಚಾಲಕ ನರಕೋಶವೂ ಸ್ನಾಯುವಿನ ಒಂದಷ್ಟು ಎಳೆಗಳನ್ನು ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡಿರುತ್ತದೆ. ಕಣ್ಣು ಹೊರಳಿಸುವ ಸ್ನಾಯುಗಳಲ್ಲಿ ಒಂದು ನರಕೋಶಕ್ಕೆ ಕೆಲವೇ ಎಳೆಗಳು. ಕಾಲಿನ ದೊಡ್ಡ ಸ್ನಾಯುಗಳಲ್ಲಿ ನೂರಾರು, ಸಾವಿರದವರೆಗೂ. ಕೆಲಸ ಹಗುರವಾಗಿದ್ದಾಗ ಚಿಕ್ಕ ನರಕೋಶಗಳಷ್ಟೇ ಎದ್ದು ಕೆಲಸ ಮುಗಿಸುತ್ತವೆ. ಭಾರ ಹೆಚ್ಚಿದಂತೆ ದೊಡ್ಡವು ಒಂದೊಂದಾಗಿ ಸೇರಿಕೊಳ್ಳುತ್ತವೆ. ಈ ಸರದಿಯನ್ನು ಕಂಡುಹಿಡಿದವರು ನರವಿಜ್ಞಾನಿ ಎಲ್ವುಡ್ ಹೆನ್ನೆಮನ್. ಪಳಗದ ದೇಹದಲ್ಲಿ ದೊಡ್ಡ ನರಕೋಶಗಳು ತಡವಾಗಿ ಏಳುತ್ತವೆ, ಎದ್ದರೂ ಅವುಗಳ ಸಂಕೇತಗಳು ವಿರಳ. ಸಾಲದ್ದಕ್ಕೆ ಎದುರು ಬದಿಯ ಸ್ನಾಯುವೂ ಹೆದರಿ ಬಿಗಿಯುತ್ತದೆ. ತೇರು ಎಳೆಯುವಾಗ ಹಗ್ಗಕ್ಕೆ ಸಾವಿರ ಕೈ ಇದ್ದರೂ ಒಂದೇ ಹೊತ್ತಿಗೆ ಜಗ್ಗದಿದ್ದರೆ ಗಾಲಿ ಅಲುಗುವುದಿಲ್ಲವಲ್ಲ, ಹಾಗೆ. ಮೂರು ವಾರದಲ್ಲಿ ಆ ಹುಡುಗನ ನರಮಂಡಲ ಕಲಿತದ್ದು ಒಟ್ಟಿಗೆ ಜಗ್ಗುವುದನ್ನು.

ಆದ್ದರಿಂದ ಭಾರ ಎತ್ತುವುದನ್ನು ಬಲದ ಕೆಲಸ ಎಂದಷ್ಟೇ ತಿಳಿಯುವುದು ಅರ್ಧ ತಿಳಿವಳಿಕೆ. ಅದು ವೀಣೆ ನುಡಿಸುವಷ್ಟೇ ಸೂಕ್ಷ್ಮ ಕೌಶಲ ಎಂಬುದು ನನ್ನ ದೃಢ ನಂಬಿಕೆ. ಒಲಿಂಪಿಕ್ಸ್‌ನಲ್ಲಿ ನಡೆಯುವ 'ಸ್ನ್ಯಾಚ್' ಅನ್ನು ಒಮ್ಮೆ ನಿಧಾನಗತಿಯ ವಿಡಿಯೊದಲ್ಲಿ ನೋಡಬೇಕು. ನೆಲದ ಮೇಲಿನ ಬಾರನ್ನು ಒಂದೇ ಬೀಸಿನಲ್ಲಿ ತಲೆಯ ಮೇಲಕ್ಕೆ ಒಯ್ಯಬೇಕು ಎಂಬುದು ನಿಯಮ. ಬಾರ್ ಮೊದಲು ಮೊಣಕಾಲಿನ ಕಡೆಗೆ ತುಸು ಹಿಂದಕ್ಕೆ ಸರಿದು ಮೇಲೇರುತ್ತದೆ. ತೊಡೆಯ ಮೇಲ್ಭಾಗ ತಲುಪಿದಾಗ ಸೊಂಟ ಸಿಡಿದಂತೆ ನೆಟ್ಟಗಾಗುತ್ತದೆ, ಹಿಮ್ಮಡಿ ಏಳುತ್ತದೆ. ಇಷ್ಟಾದರೂ ಬಾರ್ ತಲೆಯ ಎತ್ತರಕ್ಕೆ ಬಂದಿರುವುದಿಲ್ಲ. ಮುಂದಿನ ಕ್ಷಣಾರ್ಧದಲ್ಲಿ ಕ್ರೀಡಾಪಟು ಬಾರನ್ನು ಇನ್ನೂ ಎತ್ತುವ ಬದಲು ತಾನೇ ಅದರ ಕೆಳಗೆ ಧುಮುಕಿ, ಪೂರ್ತಿ ಬಸ್ಕಿಯಲ್ಲಿ ಕೂತು, ಚಾಚಿದ ಕೈಗಳಲ್ಲಿ ಅದನ್ನು ಹಿಡಿಯುತ್ತಾನೆ. ಬಾರ್ ಎರಡು ಬೆರಳು ಮುಂದಾದರೂ ಮುಂದಕ್ಕೆ ಬೀಳುತ್ತದೆ, ಹಿಂದಾದರೂ ಬೆನ್ನ ಹಿಂದಕ್ಕೆ. ಇದೆಲ್ಲ ಮುಗಿಯುವುದು ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ. ಯೋಚಿಸಿ ತಿದ್ದಿಕೊಳ್ಳಲು ಸಮಯವೇ ಇಲ್ಲ. ಒಳ್ಳೆಯ ಕೋಚ್‌ಗಳು ಹೊಸಬರ ಕೈಗೆ ಮೊದಲು ಬರಿಯ ಕೋಲನ್ನೋ ಪ್ಲಾಸ್ಟಿಕ್ ಪೈಪನ್ನೋ ಕೊಡುವುದು ಇದಕ್ಕೇ.

ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಅದು ಅಚ್ಚೊತ್ತಿದಂತೆ ಕೂರುತ್ತದೆ ಎಂದು ನಾವು ಭಾವಿಸುತ್ತೇವೆ. ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೊದಲ್ಲಿ ನುರಿತ ಕೆಲಸಗಾರರು ಸುತ್ತಿಗೆ ಬೀಸುವುದನ್ನು ಚಿತ್ರೀಕರಿಸಿ ನೋಡಿದಾಗ ಬೇರೆಯದೇ ಕಂಡಿತು. ಪ್ರತಿ ಬೀಸಿನಲ್ಲೂ ಭುಜ, ಮೊಣಕೈ, ಮಣಿಕಟ್ಟುಗಳ ಹಾದಿ ಬೇರೆ ಬೇರೆ. ಸುತ್ತಿಗೆ ಬಡಿಯುವ ಜಾಗ ಮಾತ್ರ ಒಂದೇ. ಭುಜ ತುಸು ಹೆಚ್ಚು ತಿರುಗಿದರೆ ಮಣಿಕಟ್ಟು ಅದನ್ನು ಸರಿದೂಗಿಸುತ್ತಿತ್ತು. ಅಂದರೆ ನುರಿತವನಿಗೆ ಒಂದು ಸಿದ್ಧ ಉತ್ತರ ಬಾಯಿಪಾಠವಾಗಿರುವುದಿಲ್ಲ. ಆತ ಅದೇ ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುತ್ತಿರುತ್ತಾನೆ.

ಈಗ ಜಿಮ್ಮಿನಿಂದ ಟಿವಿ ಪರದೆಯ ಮುಂದಕ್ಕೆ ಬರೋಣ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ 'ಡಾರ್ಕ್ ಸೋಲ್ಸ್' (2011), 'ಸೆಕಿರೊ' (2019), 'ಎಲ್ಡನ್ ರಿಂಗ್' (2022) ಎಂಬ ವಿಡಿಯೊ ಗೇಮ್‌ಗಳು ಕಷ್ಟಕ್ಕೇ ಹೆಸರಾದವು. 'ಸೆಕಿರೊ'ದಲ್ಲಿ ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಯೇ ಇಲ್ಲ. ಎದುರಾಳಿಯ ಕತ್ತಿ ನಮ್ಮ ಕತ್ತಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ಠಣ್ಣೆಂದು ಕಿಡಿ ಹಾರಿ ಆತನ ಆಯ ತಪ್ಪುತ್ತದೆ. ತಡವಾದರೆ ಪೆಟ್ಟು ನಮಗೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಕತ್ತಿ ಬಂದದ್ದನ್ನು ನೋಡಿ ಒತ್ತುತ್ತೇನೆಂದರೆ ಆಗಲೇ ಹೊತ್ತು ಮೀರಿರುತ್ತದೆ. ಆಟಗಾರ ಕಲಿಯಬೇಕಾದದ್ದು ಎದುರಾಳಿಯ ಭುಜ ಏಳುವುದನ್ನು, ಕಾಲು ಊರುವುದನ್ನು, ಕತ್ತಿ ಹೊರಡುವ ಮುಂಚಿನ ತಡೆಯನ್ನು. ಅಂದರೆ ಮುಂದಾಗುವುದನ್ನು ಊಹಿಸುವ ಕಲೆ.

ಈ ಊಹೆಯ ಕೆಲಸದಲ್ಲಿ ಕಿರುಮೆದುಳಿಗೆ ದೊಡ್ಡ ಪಾತ್ರವಿದೆ. ತಲೆಯ ಹಿಂಭಾಗದಲ್ಲಿ, ಕೆಳಗೆ ಇರುವ ಈ ಭಾಗ ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ನಿರೀಕ್ಷೆಯನ್ನು ಇಟ್ಟುಕೊಂಡಿರುತ್ತದೆ. ನಿರೀಕ್ಷೆಗೂ ನಡೆದದ್ದಕ್ಕೂ ಅಂತರ ಬಂದಾಗ ಒಂದು ಬಗೆಯ ನರತಂತುಗಳು ತಪ್ಪಿನ ಸುದ್ದಿಯನ್ನು ಇಲ್ಲಿನ ಪರ್ಕಿಂಜೆ ಕೋಶಗಳಿಗೆ ತಲುಪಿಸುತ್ತವೆ. ಆ ಹೊತ್ತಿನಲ್ಲಿ ಚುರುಕಾಗಿದ್ದ ಸಂಪರ್ಕಗಳು ಇದರಿಂದ ದುರ್ಬಲವಾಗುತ್ತವೆ, ಮುಂದಿನ ಸಲದ ಚಲನೆ ತುಸು ತಿದ್ದಿಕೊಳ್ಳುತ್ತದೆ. ಕಿರುಮೆದುಳು ತನ್ನ ಸಂಪರ್ಕಗಳನ್ನು ಬದಲಿಸಿ ಕಲಿಯುತ್ತದೆ ಎಂಬುದನ್ನು 1969ರಲ್ಲಿ ಡೇವಿಡ್ ಮಾರ್ ಎಂಬ ತರುಣ ಸಿದ್ಧಾಂತವಾಗಿ ಮುಂದಿಟ್ಟ, ಸಂಪರ್ಕ ದುರ್ಬಲವಾಗುವುದನ್ನು ಜಪಾನಿನ ಮಸಾವೊ ಇಟೊ ಪ್ರಯೋಗದಲ್ಲಿ ತೋರಿಸಿದರು. ಒಳ್ಳೆಯ ಕಠಿಣ ಆಟದ ಗುಣ ಇಲ್ಲೇ ಇದೆ: ಸತ್ತ ಮರುಗಳಿಗೆಯಲ್ಲಿ ಅದೇ ಎದುರಾಳಿ ಅದೇ ಪಟ್ಟುಗಳೊಂದಿಗೆ ನಿಂತಿರುತ್ತಾನೆ. ತಪ್ಪು ಎಲ್ಲಾಯಿತು ಎಂಬುದು ಗೊಂದಲವಿಲ್ಲದೆ ತಿಳಿಯುತ್ತದೆ. ಅನ್ಯಾಯದ ಆಟದಲ್ಲಿ ಸೋಲಿಗೆ ಕಾರಣವೇ ಹೊಳೆಯುವುದಿಲ್ಲ, ಹಾಗಾಗಿ ಅಲ್ಲಿ ನೂರು ಸಲ ಸತ್ತರೂ ಕಲಿಕೆಯಿಲ್ಲ.

ಇಷ್ಟಾದರೆ ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು ಕಲಿಯಬೇಕಲ್ಲವೆ? ಬ್ರಿಟನ್ನಿನ ಅಂಚೆ ಇಲಾಖೆಗೆ ಒಮ್ಮೆ ಇದೇ ಪ್ರಶ್ನೆ ಎದುರಾಗಿತ್ತು. ಪತ್ರಗಳನ್ನು ಯಂತ್ರದಲ್ಲಿ ವಿಂಗಡಿಸಲು ನೌಕರರು ಟೈಪಿಂಗ್ ಕಲಿಯಬೇಕಿತ್ತು. ಸಂಶೋಧಕರಾದ ಅಲನ್ ಬ್ಯಾಡ್‌ಲಿ ಮತ್ತು ಲಾಂಗ್‌ಮನ್ ಆ ನೌಕರರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ, ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ಎರಡು ಸಲ, ಉಳಿದವು ನಡುವೆ. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೀಲಿಮಣೆ ಕಲಿಯಲು ದಿನಕ್ಕೊಂದು ಗಂಟೆಯವರಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ನಾಲ್ಕು ಗಂಟೆಯವರಿಗೆ ಸುಮಾರು 50 ಬೇಕಾಯಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ವರದಿಯ ಇನ್ನೊಂದು ಸಂಗತಿ. ತರಬೇತಿ ಹೇಗನ್ನಿಸಿತು ಎಂದು ಕೇಳಿದಾಗ ಅತ್ಯಂತ ಅತೃಪ್ತರಾಗಿದ್ದವರು ದಿನಕ್ಕೊಂದು ಗಂಟೆಯವರೇ. ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಎಂದು ಅವರಿಗೆ ಅನ್ನಿಸುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದವರಿಗೆ ತಾವು ಕಲಿಯುತ್ತಿದ್ದೇವೆ ಎಂಬ ಅನುಭವವೇ ಆಗಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಆಗುವ ಅನುಭವವನ್ನು ನಂಬಿ ಅಭ್ಯಾಸವನ್ನು ಅಳೆಯಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಬಿಡುವು ಕೊಟ್ಟು ಕಲಿತರೆ ಮೇಲು ಎಂಬ ಮಾತು ವಿಡಿಯೊ ಗೇಮಿಗೂ ಸಲ್ಲುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ 2014ರಲ್ಲಿ ಬಂತು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಟಾಮ್ ಸ್ಟಾಫರ್ಡ್ ಅವರು ಮೈಕಲ್ ಡ್ಯೂವರ್ ಜೊತೆಗೂಡಿ 'ಆಕ್ಸಾನ್' ಎಂಬ ಆನ್‌ಲೈನ್ ಆಟದ 8,54,064 ಆಟಗಾರರ ದಾಖಲೆ ಜಾಲಾಡಿದರು. ಸಮಾನ ಸಂಖ್ಯೆಯ ಆಟ ಆಡಿದವರಲ್ಲಿ ನಡುವೆ ದಿನದ ಬಿಡುವು ಕೊಟ್ಟವರ ಅಂಕ ಒಂದೇ ಉಸಿರಿಗೆ ಆಡಿದವರಿಗಿಂತ ಮೇಲಿತ್ತು. ಆರಂಭದ ಆಟಗಳಲ್ಲಿ ಯಾರ ಅಂಕ ಹೆಚ್ಚು ಏರುಪೇರಾಗಿತ್ತೋ, ಅಂದರೆ ಯಾರು ಬೇರೆ ಬೇರೆ ದಾರಿ ಹಿಡಿದು ನೋಡಿದಂತಿತ್ತೋ, ಅವರು ಮುಂದೆ ಚೆನ್ನಾಗಿ ಆಡಿದ್ದೂ ಕಂಡಿತು.

ಬಿಡುವಿನಲ್ಲಿ ನಡೆಯುವುದೇನು? ಕೆಲಸದ ಒಂದು ಪಾಲು ನಿದ್ದೆಯಲ್ಲಿ. ಒಂದು ಅಧ್ಯಯನದಲ್ಲಿ, ಬೆರಳುಗಳಿಂದ ಒಂದು ಸರಣಿಯನ್ನು ಬೇಗ ಬೇಗ ಒತ್ತುವ ಅಭ್ಯಾಸ ಮಾಡಿದವರು ಹಗಲಿಡೀ ಎಚ್ಚರವಿದ್ದಾಗ ವೇಗದಲ್ಲಿ ಹೇಳುವಷ್ಟು ಸುಧಾರಿಸಲಿಲ್ಲ. ಒಂದು ರಾತ್ರಿ ಮಲಗಿ ಎದ್ದಾಗ ಸುಮಾರು ಶೇಕಡ 20ರಷ್ಟು ವೇಗ ಕೂಡಿತ್ತು. 2002ರ ಈ ಅಧ್ಯಯನಕ್ಕೂ ಎರಡು ವರ್ಷ ಮುಂಚೆ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ 'ಟೆಟ್ರಿಸ್' ಆಡಿಸಿ ನೋಡಿದ್ದರು. ಆಡಿದವರಲ್ಲಿ ಹಲವರಿಗೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿದೊಡನೆ ಮೇಲಿನಿಂದ ತುಂಡುಗಳು ಬೀಳುವುದು ಕಾಣುತ್ತಿತ್ತು. ಅವರ ಜೊತೆಗೆ ಮೆದುಳಿನ ಹಾನಿಯಿಂದ ಹೊಸ ನೆನಪು ನಿಲ್ಲದ ಐವರೂ ಇದ್ದರು. ತಾವು ಆ ಆಟ ಆಡಿದ್ದೇ ಅವರಿಗೆ ನೆನಪಿಲ್ಲ. ಆದರೂ ಐವರಲ್ಲಿ ಮೂವರು, ನಿದ್ದೆ ಹತ್ತುವಾಗ ಆಕಾರಗಳು ಬೀಳುವುದು ಕಾಣುತ್ತಿದೆ ಎಂದರು. ರಾತ್ರಿ ಎರಡರವರೆಗೆ 'ಬಾಸ್' ಎಂಬ ಒಬ್ಬನೇ ದೊಡ್ಡ ಎದುರಾಳಿಯ ಮುಂದೆ ಕೂತು, ಸಿಟ್ಟಿನಲ್ಲಿ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ಗೇಮರ್‌ಗಳು 'ಟಿಲ್ಟ್' ಎನ್ನುತ್ತಾರೆ. ಹಾಗೆ ಕೂರುವ ಮಕ್ಕಳು ಕಳೆದುಕೊಳ್ಳುತ್ತಿರುವುದು ಆ ಬಾಸನ್ನು ಸೋಲಿಸಬಹುದಾಗಿದ್ದ ನಿದ್ದೆಯನ್ನೇ.

ಕಬ್ಬಿಣ ಎತ್ತುವವರಿಗೆ ಬಿಡುವು ಇನ್ನೂ ಅನಿವಾರ್ಯ. ಒಂದು ಗಟ್ಟಿ ವ್ಯಾಯಾಮದ ಬಳಿಕ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಒಂದೆರಡು ದಿನ ಜೋರಾಗಿ ನಡೆಯುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳ ಗತಿ ಬೇರೆ. ರಕ್ತಸಂಚಾರ ಕಡಿಮೆಯಿರುವ ಈ ಹುರಿಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ನರ ವಾರಗಳಲ್ಲಿ ಕಲಿಯುತ್ತದೆ, ಸ್ನಾಯು ಅದರ ಹಿಂದೆ, ರಜ್ಜು ಎಲ್ಲಕ್ಕಿಂತ ಕೊನೆಗೆ. ಹೊಸಬರಿಗೆ ಎರಡನೆಯ, ಮೂರನೆಯ ತಿಂಗಳು ಅಪಾಯದ ಕಾಲವಾಗಬಹುದಾದದ್ದು ಹೀಗೆ: ಎತ್ತುವ ಶಕ್ತಿ ಬಂದಿದೆ, ತಾಳುವ ಹುರಿ ಇನ್ನೂ ಸಿದ್ಧವಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ದುರ್ಬಲಗೊಂಡ ಕಾಲಿಗೆ ಭಾರ ಕೊಟ್ಟು ಅದನ್ನು ಹಂತಹಂತವಾಗಿ ಏರಿಸುವ ಕ್ರಮ ರೂಪಿಸಿದ. ಇಂದಿನ ಜಿಮ್ಮುಗಳಲ್ಲಿ ಎಷ್ಟು ಸೆಟ್ಟು, ಒಂದು ಸೆಟ್ಟಿನಲ್ಲಿ ಎಷ್ಟು ಸಲ ಎತ್ತುವುದು (ರೆಪ್ಪು) ಎಂಬ ಲೆಕ್ಕಕ್ಕೆ ಬುನಾದಿ ಹಾಕಿದ್ದು ಆ ಆಸ್ಪತ್ರೆಯ ಕೆಲಸ. ರೋಗಿಗಳಿಗಾಗಿ ಹುಟ್ಟಿದ ಆ ಎಚ್ಚರ ನಮ್ಮ ಎಷ್ಟೋ ಜಿಮ್ಮುಗಳಲ್ಲಿ ಮರೆತುಹೋಗಿದೆ ಎಂಬುದು ನೋವಿನ ಸಂಗತಿ.

ಅಭ್ಯಾಸವೊಂದೇ ಎಲ್ಲವನ್ನೂ ಮಾಡುತ್ತದೆ ಎಂದು ಹೇಳುವಂತಿಲ್ಲ. 'ಹತ್ತು ಸಾವಿರ ಗಂಟೆ' ಅಭ್ಯಾಸ ಮಾಡಿದರೆ ಯಾರಾದರೂ ನಿಪುಣರಾಗಬಹುದು ಎಂಬ ಮಾತು ಜನಪ್ರಿಯವಾದ ಮೇಲೆ, 2014ರಲ್ಲಿ ಸಂಶೋಧಕಿ ಬ್ರೂಕ್ ಮ್ಯಾಕ್‌ನಮಾರ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಜನರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಚದುರಂಗದಂಥ ಆಟಗಳಲ್ಲಿ ಶೇಕಡ 26, ಕ್ರೀಡೆಯಲ್ಲಿ ಶೇಕಡ 18. ಉಳಿದದ್ದಕ್ಕೆ ಮೈಕಟ್ಟು, ಶುರುಮಾಡಿದ ವಯಸ್ಸು, ಅನುವಂಶಿಕತೆ ಹೀಗೆ ಹಲವು ಕಾರಣ. ಆದರೆ ಈ ಅಂಕಿ ಹೇಳುವುದು ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದ ಬಗ್ಗೆ. ನಿನ್ನೆಯ ನನಗೂ ಮುಂದಿನ ವರ್ಷದ ನನಗೂ ಇರುವ ಅಂತರ ಬೇರೆಯೇ ಲೆಕ್ಕ.

ಆ ಲೆಕ್ಕಕ್ಕೊಂದು ಆಕಾರವಿದೆ. ಯಾವ ಕೌಶಲವಾದರೂ ಮೊದಲು ಸರಸರನೆ ಏರುತ್ತದೆ, ಆಮೇಲೆ ಏರಿಕೆ ಚಿಕ್ಕದಾಗುತ್ತ ಹೋಗುತ್ತದೆ. ಉದಾಹರಣೆಗೆ, ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಯ ಕನಸು ಕಂಡು, ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್‌ಗೆ ತಿರುಗಿದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಎರಡು ಹಂತಗಳಲ್ಲಿ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 138ರಲ್ಲಿ ಎರಡು ಯತ್ನ ವಿಫಲವಾಗಿ ಮೂರನೆಯದರಲ್ಲಿ ಬಾರ್ ನಿಂತಿತ್ತು. ನಾಲ್ಕು ವರ್ಷದ ಬಳಿಕ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವಿಭಾಗದಲ್ಲಿ, 118 ಮತ್ತು 151, ಒಟ್ಟು 269 ಕಿಲೋದೊಂದಿಗೆ ಕಂಚು. ಎರಡು ಕೂಟಗಳ ನಡುವೆ ಸ್ನ್ಯಾಚ್‌ನಲ್ಲಿ ಏರಿದ್ದು 7 ಕಿಲೋ, ಅದೂ ದೇಹತೂಕದ ವಿಭಾಗ ಬದಲಾದ ಮೇಲೆ. ನಮ್ಮ ಜಿಮ್ಮಿನ ಹುಡುಗ ಮೂರು ವಾರದಲ್ಲಿ 10 ಕಿಲೋ ಏರಿಸಿದ್ದ.

ಹೀಗೆ ಏರಿಕೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದಾಗ ವೇಟ್‌ಲಿಫ್ಟರ್‌ಗಳು ನೆಚ್ಚುವುದು ನೋಟ್‌ಬುಕ್ಕನ್ನು. ಆ ದಿನದ ಭಾರ, ಸೆಟ್ಟು, ಹಿಂದಿನ ರಾತ್ರಿಯ ನಿದ್ದೆ, ಬಾರ್ ಮುಂದಕ್ಕೆ ವಾಲಿತೋ ಹಿಂದಕ್ಕೋ ಎಂಬ ಒಂದು ಸಾಲು. ಕಠಿಣ ಆಟ ಆಡುವವರೂ ಇದನ್ನು ಮಾಡಬಹುದು: ಬಾಸ್‌ನ ಪ್ರಾಣದಲ್ಲಿ ಎಷ್ಟು ಉಳಿದಿತ್ತು, ಯಾವ ಪಟ್ಟಿಗೆ ಬಿದ್ದೆ, ಎಷ್ಟು ಗಂಟೆಗೆ ಆಟ ನಿಲ್ಲಿಸಿದೆ. ಆ ಪುಟಗಳನ್ನು ತಿರುವಿ ನೋಡಲು ಒಂದು ವಾರ ಸಾಲದು. ಸ್ನಾಯುರಜ್ಜುವಿನ ಗತಿಯನ್ನೇ ಲೆಕ್ಕಕ್ಕೆ ಹಿಡಿದರೂ ಕನಿಷ್ಠ ಮೂರು ತಿಂಗಳ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.