ಹೇಳಲಾಗದ ನೋವು ಮತ್ತು ನರ್ಸಿಂಗ್ ಪಾಠ

ಡಿಮೆನ್ಷಿಯಾ ಇರುವ ಹಿರಿಯರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಮರೆವಿನ ಕಾರಣಕ್ಕಲ್ಲ. ಸೊಂಟದ ಮೂಳೆ ಮುರಿದಿರುತ್ತದೆ, ನ್ಯುಮೋನಿಯಾ ಆಗಿರುತ್ತದೆ, ಮೂತ್ರದ ಸೋಂಕು ತಗಲಿರುತ್ತದೆ. ಹಾಗಾಗಿ ಅವರ ಆರೈಕೆ ಬೀಳುವುದು ಮನೋರೋಗ ತಜ್ಞರ ಮೇಲಲ್ಲ, ಜನರಲ್ ವಾರ್ಡಿನ ರಾತ್ರಿ ಪಾಳಿಯ ನರ್ಸ್ ಮೇಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇಷ್ಟೊಂದು ಜನರ ಕಾಯಿಲೆಯನ್ನು ಮನೋರೋಗ ಶುಶ್ರೂಷೆಯ ಒಂದು ಅಧ್ಯಾಯವಾಗಿ ಕಲಿಸಿ ಮುಗಿಸುವುದು ಸಾಲದು.

ಕಲಿಸಬೇಕಾದ್ದು ಮುಖ್ಯವಾಗಿ ಒಂದು ಕೌಶಲ: ವರ್ತನೆಯ ಹಿಂದಿನ ಕಾರಣ ಹುಡುಕುವುದು. ಮಗ್ಗುಲು ಬದಲಿಸಲು ಹೋದಾಗ ಅಜ್ಜಿ ಕೈಬೀಸಿ ಹೊಡೆದರೆ, ಇಡೀ ರಾತ್ರಿ ಕೂಗಿದರೆ, ಅದು ಕಾಯಿಲೆಯ ಸ್ವಭಾವ ಎಂದು ಷರಾ ಬರೆದು ನಿದ್ದೆ ಮದ್ದು ಕೇಳುವುದು ಸುಲಭ. ಪಶ್ಚಿಮ ನಾರ್ವೆಯ 18 ಶುಶ್ರೂಷಾಲಯಗಳಲ್ಲಿ, ಡಿಮೆನ್ಷಿಯಾದ ಜೊತೆ ಇಂಥ ಉದ್ರೇಕವೂ ಇದ್ದ 352 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಬೇರೆಯದನ್ನೇ ತೋರಿಸಿತು. ಒಂದು ಗುಂಪಿಗೆ ಎಂಟು ವಾರ ಕ್ರಮಬದ್ಧವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಉದ್ರೇಕ ಗಣನೀಯವಾಗಿ ಇಳಿಯಿತು. ಇನ್ನೊಂದೆಡೆ, ಇಂಥ ವರ್ತನೆಗೆ ಕೊಡುವ ಮನೋವಿಕಾರದ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದರು.

ನಾರ್ವೆಯದು ಔಷಧದ ಪ್ರಯೋಗ, ತರಬೇತಿಯದ್ದಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಅಲ್ಲಿ ಯಾರಿಗೆ ಏನು ಕೊಡಬೇಕೆಂಬುದನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ನಮ್ಮ ವಾರ್ಡಿನಲ್ಲಿ ಮಾತ್ರೆ ಬರಬೇಕಾದರೆ, ನೋವಿರಬಹುದು ಎಂಬ ಅನುಮಾನ ಯಾರಿಗಾದರೂ ಮೊದಲು ಬರಬೇಕು. ಇಡೀ ದಿನ ಹಾಸಿಗೆಯ ಬಳಿ ಸುಳಿಯುವ ನರ್ಸ್‌ಗೆ ಬಾರದ ಅನುಮಾನ ಐದು ನಿಮಿಷದ ರೌಂಡ್ಸ್‌ನಲ್ಲಿ ವೈದ್ಯರಿಗೆ ಬರುವುದು ಕಷ್ಟ. ಈ ಅನುಮಾನಕ್ಕೆ ಸಾಧನವೂ ಇದೆ. ಪೈನ್‌ಆ್ಯಡ್ ಎಂಬ ಅಳತೆಪಟ್ಟಿ ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಾಂತವಾಗುತ್ತಾರೋ ಇಲ್ಲವೋ ಎಂಬ ಐದು ಸಂಗತಿಗಳನ್ನು ನೋಡಿ ಹತ್ತರವರೆಗೆ ಅಂಕ ಕೊಡುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಲು ಒಂದು ತರಗತಿ ಸಾಕು. ಒಬ್ಬರ ಮುಖದಲ್ಲಿ ನಿನ್ನೆ ಇಲ್ಲದ ಗಂಟು ಇಂದು ಕಾಣಬೇಕಾದರೆ ಅದೇ ವ್ಯಕ್ತಿಯ ಜೊತೆ, ಅನುಭವಿ ನರ್ಸ್‌ನ ಕಣ್ಣಳತೆಯಲ್ಲಿ, ಹಲವು ದಿನ ಕಳೆಯಲೇಬೇಕು.

ಪಠ್ಯಕ್ರಮವೇ ತುಂಬಿ ತುಳುಕುತ್ತಿದೆ, ಇದಕ್ಕೆಲ್ಲಿ ಜಾಗ ಎಂಬ ಪ್ರಾಧ್ಯಾಪಕರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಹೊಸ ವಿಷಯವೇ ಬೇಕಿಲ್ಲ. ಈಗಿನ ಮೆಡಿಕಲ್, ಸರ್ಜಿಕಲ್ ವಾರ್ಡಿನ ಪೋಸ್ಟಿಂಗ್‌ನಲ್ಲೇ ಒಬ್ಬ ಡಿಮೆನ್ಷಿಯಾ ರೋಗಿಯನ್ನು ವಿದ್ಯಾರ್ಥಿಗೆ ಬಿಡುಗಡೆಯವರೆಗೂ ವಹಿಸಬಹುದು. ಮಮತೆಯಿದ್ದರೆ ಇದೆಲ್ಲ ತಾನಾಗಿ ಬರುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ತರಬೇತಿಯಿಲ್ಲದ ಮಮತೆ ಮೂರನೇ ರಾತ್ರಿಗೆ ಸೋಲುತ್ತದೆ, ಸೋತವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ಕರ್ನಾಟಕಕ್ಕೆ ಇನ್ನೊಂದು ತೊಡಕಿದೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದು ಓದುವವರು ಬಹಳ. ಡಿಮೆನ್ಷಿಯಾ ಬೆಳೆದಂತೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಜಾರಿ, ಬಾಲ್ಯದ ಮಾತಷ್ಟೇ ಉಳಿಯುತ್ತದೆ. ಅದು ಕನ್ನಡವೋ ತುಳುವೋ ಕೊಂಕಣಿಯೋ ಆಗಿರಬಹುದು. ಆದ್ದರಿಂದ ದಾಖಲಾದ ದಿನವೇ ಮನೆಯವರಿಂದ ಕೆಲವನ್ನು ಕೇಳಿ ಬರೆದುಕೊಳ್ಳುವುದನ್ನು ಮೊದಲ ವರ್ಷದಲ್ಲೇ ರೂಢಿಸಬೇಕು: ಮನೆಯಲ್ಲಿ ಏನೆಂದು ಕರೆಯುತ್ತೀರಿ, ನೋವಾದರೆ ಯಾವ ಮಾತು ಹೇಳುತ್ತಾರೆ, ಹಳೆಯ ಮಂಡಿನೋವೋ ಹಲ್ಲುನೋವೋ ಇದೆಯೇ, ಯಾವುದಕ್ಕೆ ಹೆದರುತ್ತಾರೆ. ಆ ಹಾಳೆ ಕೇಸ್ ಶೀಟಿನ ಒಳಗೆ ಹೂತುಹೋಗದೆ ಪಾಳಿ ಬದಲಾಗುವಾಗ ಕೈಯಿಂದ ಕೈಗೆ ದಾಟಬೇಕು.