ಕೆಚ್ಚಲು ಬಾವು: ಲೋಳೆಸರದ ಮದ್ದಿಗೆ ವಿಜ್ಞಾನ ಹೇಳುವುದೇನು?



ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ಕಟ್ಟಿದ ಲೋಳೆಸರ ನಿಮ್ಮ ಮನೆಯಲ್ಲೂ ಇರಬಹುದು. ಹಸುವಿನ ಕೆಚ್ಚಲು ಬಾವಿಗೂ ಅದು ಮದ್ದು. ಬೆಂಗಳೂರಿನ ಯಲಹಂಕ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಪ್ರೊ. ಎಂ.ಎನ್.ಬಿ. ನಾಯರ್ ಮತ್ತು ತಮಿಳುನಾಡಿನ ಪಶುವೈದ್ಯ ಪ್ರೊ. ಎನ್. ಪುಣ್ಣಿಯಮೂರ್ತಿ ಅವರ ತಂಡ ಇಂಥ ನಾಟಿ ಮದ್ದುಗಳನ್ನು ಅಧ್ಯಯನ ಮಾಡಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಈ ಮದ್ದನ್ನು ಶಿಫಾರಸು ಮಾಡುತ್ತಿದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹೊಗೆಸೊಪ್ಪು ಬೇಯಿಸುವಾಗ, ಕೆ.ಆರ್. ನಗರದಲ್ಲಿ ನಾಟಿ ನಡೆಯುವಾಗ ನಮಗೆ ಬಿಡುವಿರುವುದಿಲ್ಲ. ಕೊಟ್ಟಿಗೆ ಕೆಸರಾಗಿ ಕೆಚ್ಚಲು ಬಾವು ಬರುವುದೂ ಈ ಮಳೆಗಾಲದಲ್ಲೇ ಹೆಚ್ಚು. ತಡಮಾಡಿ ಒಂದು ತೊಟ್ಟು ಬತ್ತಿಹೋದರೆ ಮುಂದಿನ ಸೂಲಿಗೂ ನಷ್ಟ ತಪ್ಪದಿರಬಹುದು.

ತಯಾರಿಸುವ ವಿಧಾನ
ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಅಡಿಕೆಗೆ ಬಳಸುವ ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿ. ಆರತಿ ನೀರಿನಂತೆ ಕೆಂಪಾಗುತ್ತದೆ. ಹಾಲನ್ನು ಪೂರ್ತಿ ಕರೆದು, ಕೆಚ್ಚಲು ತೊಳೆದು ಒರೆಸಿ. ಒಂದು ಹಿಡಿ ಮದ್ದಿಗೆ 150ರಿಂದ 200 ಮಿ.ಲೀ. ನೀರು ಬೆರೆಸಿ ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ 8ರಿಂದ 10 ಸಲ, 5 ದಿನ ಹಚ್ಚಬೇಕು. ಪ್ರತಿದಿನ ಹೊಸದಾಗಿ ರುಬ್ಬಿಕೊಳ್ಳಿ. ಬೆಳಿಗ್ಗೆ, ಸಂಜೆ ಎರಡೇ ಸಲ ಹಚ್ಚಿ ‘ಗುಣ ಕಾಣಲಿಲ್ಲ’ ಎನ್ನಬೇಡಿ.

ಕೆಲಸ ಮಾಡುವುದು ಹೇಗೆ?
ಲೋಳೆಸರದ ಲೋಳೆಗೆ ಊತ ತಗ್ಗಿಸುವ ಗುಣವಿದೆ. ಅರಿಶಿನದ ಕುರ್ಕುಮಿನ್ ರೋಗಾಣುಗಳ ಬೆಳವಣಿಗೆ ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಕೆಚ್ಚಲಿನ ಆಳಕ್ಕೆ ಇಳಿದ ಸೋಂಕಿಗೆ ಮೇಲೆ ಹಚ್ಚುವ ಮದ್ದೊಂದೇ ಸಾಲದು. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲು ನೀರಾದರೆ ಅಥವಾ ರಕ್ತ ಬಂದರೆ ಅಂದೇ ಪಶುವೈದ್ಯರನ್ನು ಕರೆಸಿ.

ಬೇಗ ಪತ್ತೆ ಹಚ್ಚಿ
ಕರೆಯುವ ಮುನ್ನ ಪ್ರತಿ ತೊಟ್ಟಿನ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡಿ. ಗಸಿ, ಹೆಪ್ಪು ಕಂಡರೆ ಬಾವು ಶುರುವಾಗಿದೆ. ಏನೂ ಕಾಣದೆ ಹಾಲು ಮಾತ್ರ ಕಡಿಮೆಯಾದರೂ ಪರೀಕ್ಷೆ ಮಾಡಿಸಿ. ಹಾಲು ಕರೆದ ಮೇಲೆ ತೊಟ್ಟಿನ ರಂಧ್ರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಹಸು ಕೂಡಲೇ ಮಲಗದಂತೆ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸಿ.

ಇಂಜೆಕ್ಷನ್ ಕೊಡಿಸಿದ್ದರೆ
ಆಂಟಿಬಯೋಟಿಕ್ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಕಾಯಿಸಿದರೂ ಔಷಧದ ಅಂಶ ಪೂರ್ತಿ ಹೋಗದು. ಅಂಥ ಹಾಲು ಸರಿಯಾಗಿ ಹೆಪ್ಪಾಗದಿರಬಹುದು. ಬಾವು ಶುರುವಿನಲ್ಲೇ ವಾಸಿಯಾದರೆ ಇಂಜೆಕ್ಷನ್ ಖರ್ಚೂ ಉಳಿಯುತ್ತದೆ, ಹಾಲು ಚೆಲ್ಲುವ ನಷ್ಟವೂ ತಪ್ಪುತ್ತದೆ.

ಈ ವಾರವೇ ಕೊಟ್ಟಿಗೆಯ ಪಕ್ಕ ನಾಲ್ಕಾರು ಲೋಳೆಸರ ನೆಡಿ. ಸಂಘದ ಅಕ್ಕಂದಿರಿಗೂ ಒಂದೊಂದು ಸಸಿ ಕೊಡಿ.